ಅಂಗೈಗೆ ಸೇರದ ಲಿಂಗ

ಬೆಳಗೋಡಿನ ಸುತ್ತಮುತ್ತ ಲಿಂಗಾಯತರ ಮನೆಯಲ್ಲಿ ಯಾರಾದರೂ ತೀರಿಕೊಂಡರೆ ಮೊದಲ ಫೋನು ಹೋಗುವುದು ಚನ್ನಬಸವಯ್ಯನವರಿಗೆ. ನೆಂಟರು ನಿಧಾನಕ್ಕೆ ಬಂದರೂ ನಡೆದೀತು, ಅಯ್ಯನವರು ಬಾರದೆ ಸಮಾಧಿ ಕೆಲಸ ಮುಂದೆ ಸಾಗದು. ಹೋದವರನ್ನು ಕಾಲು ಮಡಿಸಿ, ಬೆನ್ನು ನೆಟ್ಟಗೆ ಮಾಡಿ ಕೂರಿಸಬೇಕು. ಬದುಕಿಡೀ ಕೊರಳಲ್ಲಿದ್ದ ಇಷ್ಟಲಿಂಗವನ್ನು ಎಡ ಅಂಗೈಯಲ್ಲಿ ಇಡಬೇಕು. ಅದು ಅಂಗೈ ಸೇರಿದ ಮೇಲೆ ಹೋದವರ ಪಯಣ ಮುಗಿಯಿತು ಎಂದು ನಲವತ್ತು ವರ್ಷದಿಂದ ಎಲ್ಲರಿಗೂ ಹೇಳಿ ಕಳಿಸಿದವರು ಅವರು.

ಮನುಷ್ಯ ಮಾತ್ರ ಮಹಾ ಬಿಗಿ. ಒಮ್ಮೆ ಚಂದ್ರಯ್ಯ ಎಂಬವರು ತೀರಿಕೊಂಡಾಗ ಅವರ ಹೆಣ್ಣುಮಕ್ಕಳಿಬ್ಬರೂ ಕೆ. ಹೊಸಕೋಟೆ ಕಡೆಯಿಂದ ಬರುವ ಬಸ್ಸು ಕೆಟ್ಟು, ಮಣ್ಣು ಮುಚ್ಚಿದ ಮೇಲೆ ಬಂದು ತಲುಪಿದರು. ಒಂದೇ ಸಲ ಮುಖ ತೋರಿಸಿ ಎಂದು ಕಾಲಿಗೆ ಬಿದ್ದರು.

"ಮಣ್ಣು ಬಿದ್ದ ಮೇಲೆ ತೆಗೆಯೋಹಂಗಿಲ್ಲ ಕಣವ್ವ. ವಿಧಿ."

ಯಾವ ವಿಧಿ, ಎಲ್ಲಿ ಬರೆದಿದೆ ಎಂದು ಯಾರೂ ಕೇಳಲಿಲ್ಲ. ಅಯ್ಯನವರನ್ನು ಹಾಗೆಲ್ಲ ಕೇಳುವ ರೂಢಿಯೇ ಊರಿನಲ್ಲಿ ಇರಲಿಲ್ಲ. ಹೆಂಡತಿ ದ್ರಾಕ್ಷಾಯಣಿ ಮಾತ್ರ ಅವತ್ತು ಕೆಂಡವಾಗಿದ್ದಳು. "ಅರ್ಧ ಗಂಟೆ ಕಾದಿದ್ರೆ ನಿಮ್ಮ ವಿಧಿ ಏನು ಸವೆದು ಹೋಗ್ತಿತ್ತಾ?" ಎಂದವಳು ಎರಡು ದಿನ ಮಾತು ಬಿಟ್ಟಳು. ಅಯ್ಯನವರು ತಟ್ಟೆಗೆ ಬಿದ್ದದ್ದನ್ನು ಸುಮ್ಮನೆ ತಿಂದರು.

ಅದೇ ದ್ರಾಕ್ಷಾಯಣಿಗೆ ಕೊರೊನಾದ ಎರಡನೇ ಅಲೆಯ ಮೇ ತಿಂಗಳಲ್ಲಿ ಕೆಮ್ಮು ಹತ್ತಿತು. ಆಸ್ಪತ್ರೆಗೆ ಸೇರಿಸಿದ ನಾಲ್ಕನೇ ದಿನಕ್ಕೆ ಹೋಗಿಬಿಟ್ಟಳು. ಬಾಗಿಲಲ್ಲಿ ನಿಂತಿದ್ದ ಗಂಡನ ಕೈಗೆ ನರ್ಸು ಒಂದು ಪ್ಲಾಸ್ಟಿಕ್ ಕವರು ಕೊಟ್ಟಳು. ಅದರಲ್ಲಿ ಕಾಲುಂಗುರ, ಬಾಚಣಿಗೆ, ಕೊರಳಿಂದ ಬಿಚ್ಚಿದ್ದ ಲಿಂಗದ ಕರಡಿಗೆ ಇದ್ದವು. ಚನ್ನಬಸವಯ್ಯನವರು ಕರಡಿಗೆಯನ್ನು ಜುಬ್ಬಾದ ಜೇಬಿಗೆ ಹಾಕಿಕೊಂಡರು. ಅದನ್ನು ಅವಳ ಅಂಗೈಗೆ ಮುಟ್ಟಿಸುವುದೊಂದೇ ಇನ್ನು ಉಳಿದಿದ್ದ ಕೆಲಸ.

ತಮ್ಮ ಕಾಫಿ ತೋಟದ ಅಂಚಿನಲ್ಲಿ, ಸಮಾಧಿ ತೋಡುವ ಧರ್ಮನಿಗೆ ಹೇಳಿ ಕೂರಿಸುವ ಗುಂಡಿ ತೆಗೆಸಿದ್ದರು. ಆಂಬುಲೆನ್ಸಿನ ಹಿಂದೆಯೇ ಒಂದು ಜೀಪು ಬಂತು. ಇಳಿದ ಅಧಿಕಾರಿ ಗುಂಡಿ ನೋಡಿ ತಲೆಯಾಡಿಸಿದ. ಜೆಸಿಬಿ ಬಂದು ಉದ್ದದ ಗುಂಡಿ ತೋಡಿತು.

"ಮಲಗಿಸೋದೇ ಅಯ್ನೋರೆ. ವಿಪತ್ತು ಕಾಯ್ದೆ ಜಾರಿಯಲ್ಲಿದೆ. ಹತ್ರ ಬರೋ ಹಾಗಿಲ್ಲ, ಮಂತ್ರನೂ ಬೇಡ. ಮೀರಿದ್ರೆ ಕೇಸು."

"ಲಿಂಗ ಒಂದು ಐತೆ ಸ್ವಾಮಿ. ನಾನು ಬರಲ್ಲ, ನಿಮ್ಮೋರೇ ಇಡ್ಲಿ."

"ಆಗಲ್ಲ. ಆದೇಶ."

ಯಾವ ಆದೇಶ, ಎಲ್ಲಿದೆ ತೋರಿಸಿ ಎಂದು ಚನ್ನಬಸವಯ್ಯನವರ ಬಾಯಿಗೆ ಬರಲೇ ಇಲ್ಲ. ಆ ದನಿ ಅವರಿಗೆ ಚೆನ್ನಾಗಿ ಗೊತ್ತಿತ್ತು. ಅದು ಅವರದೇ ದನಿ. ನಲವತ್ತು ಹೆಜ್ಜೆ ದೂರದ ಸಿಲ್ವರ್ ಮರಕ್ಕೆ ಒರಗಿ, ಜೇಬಿನೊಳಗೆ ಕರಡಿಗೆಯನ್ನು ಹಿಡಿದುಕೊಂಡು ನಿಂತರು. ನಾಲ್ವರು ಪಿಪಿಇ ಕಿಟ್ಟು ತೊಟ್ಟವರು ಅವಳನ್ನು ಹಗ್ಗದಲ್ಲಿ ಇಳಿಸಿದರು. ಹತ್ತು ನಿಮಿಷದಲ್ಲಿ ಎಲ್ಲ ಮುಗಿಯಿತು.

ಹದಿನಾರು ದಿನ ಕಳೆದು ಪಕ್ಕದ ತೋಟದ ಸಿದ್ದಬಸಪ್ಪನವರು ಅದೇ ಕಾಯಿಲೆಗೆ ಹೋದರು. ಅದೇ ಜೀಪು, ಅದೇ ಅಧಿಕಾರಿ, ಅದೇ ಮಾತು. ಆದರೆ ಸಿದ್ದಬಸಪ್ಪನವರ ಮಗಳು ಹೇಮಶ್ರೀ ಪೇಟೆಯಲ್ಲಿ ವಕೀಲಿ ಮಾಡುವವಳು. ಅತ್ತು ಊದಿದ ಕಣ್ಣಲ್ಲೇ ಒಂದು ಕಾಗದ ಬಿಡಿಸಿದಳು.

"ನಿಮ್ಮ ಆದೇಶ ಇದೇ ತಾನೇ ಸಾರ್? ಹೆಣ ಮುಟ್ಟಬಾರ್ದು, ಚೀಲ ಬಿಚ್ಚಬಾರ್ದು, ಜನ ಸೇರಬಾರ್ದು. ಒಪ್ಪಿದೆ. ಮುಟ್ಟದೆ ಮಾಡೋ ವಿಧಿಗೆ ಅಡ್ಡಿಯಿಲ್ಲ ಅಂತ ಇಲ್ಲೇ ಇದೆ, ಓದಿ. ಕೂರಿಸಬಾರ್ದು ಅಂತ ಎಲ್ಲಿದೆ ತೋರಿಸಿ."

ಅಧಿಕಾರಿ ಎರಡು ಸಲ ಓದಿದ. ಹಣೆಯ ಬೆವರು ಒರೆಸಿಕೊಂಡ. "ಮೇಲಿಂದ ಫೋನಲ್ಲಿ ಹೇಳಿದ್ದು ಮೇಡಂ. ಇದನ್ನ ನಾನೂ ಓದಿರ್ಲಿಲ್ಲ." ಕೆಟ್ಟ ಮನುಷ್ಯನೇನಲ್ಲ. ಸರಿ, ಬೇಗ ಮುಗಿಸಿ ಎಂದು ಪಕ್ಕಕ್ಕೆ ಸರಿದ.

ಸಿದ್ದಬಸಪ್ಪನವರು ಚೀಲದೊಳಗೇ ಕೂತರು. ಕಿಟ್ಟಿನವನೊಬ್ಬ ಚೀಲದ ಮೇಲೆ, ಮಡಿಲಿನ ಜಾಗದಲ್ಲಿ ಲಿಂಗ ಇಟ್ಟ. ಚನ್ನಬಸವಯ್ಯನವರು ದೂರದಿಂದ ಮಂತ್ರ ಹೇಳಿದರು. ಎಲ್ಲ ಮುಗಿದ ಮೇಲೆ ಹೇಮಶ್ರೀಯ ಹತ್ತಿರ ಹೋದರು.

"ಈ ಕಾಗ್ದ ಹದಿನಾರು ದಿನದ ಹಿಂದೇನೂ ಇತ್ತಾ ಅವ್ವ?"

ಅವಳು ತಾರೀಖು ನೋಡಿದಳು. ಸುಳ್ಳು ಹೇಳಬಹುದಿತ್ತು. "ಇತ್ತು, ಅಯ್ನೋರೆ."

ಲಾಕ್‌ಡೌನ್ ತೆರವಾಗಿ ನಾಲ್ಕು ತಿಂಗಳಿಗೆ ಅವಳೇ ಹುಡುಕಿಕೊಂಡು ಬಂದಳು. ಅರ್ಜಿ ಹಾಕೋಣ, ಸಮಾಧಿ ತೆಗೆಸಲು ಅನುಮತಿ ಸಿಕ್ಕರೂ ಸಿಗಬಹುದು, ದ್ರಾಕ್ಷಾಯಣಿ ಅತ್ತೆಯನ್ನು ಕೂರಿಸಿ ಲಿಂಗ ಕೊಡಿ ಎಂದಳು. ಸರ್ಕಾರದ ಆದೇಶಕ್ಕೆ ಕಾಗದವಿತ್ತು, ತಾರೀಖಿತ್ತು, ಕೊನೆಯೂ ಇತ್ತು. ಅಯ್ಯನವರು ಚಂದ್ರಯ್ಯನವರ ಹೆಣ್ಣುಮಕ್ಕಳಿಗೆ ಹೇಳಿದ್ದಕ್ಕೆ ಅದ್ಯಾವುದೂ ಇರಲಿಲ್ಲ.

"ಸರ್ಕಾರ ಬುಟ್ರೂ ನಾನು ಬಿಡೋಹಂಗಿಲ್ಲ ಕಣವ್ವ. ಆ ಹೆಣ್ಮಕ್ಕಳಿಗೆ ಇಲ್ಲ ಅಂದ್ಬುಟ್ಟು ನನ್ನ ಹೆಂಡ್ತಿಗೆ ಹೆಂಗೆ ತೆಗೀಲಿ?" ಎಂದು ಹೇಳಿ, ಹೇಮಶ್ರೀಯ ಮುಂದೆಯೇ ಅತ್ತುಬಿಟ್ಟರು.

ಈಗ ಅವರಿಗೆ ಎಪ್ಪತ್ತು ದಾಟಿದೆ. ಬೆಳಿಗ್ಗೆ ತಮ್ಮ ಲಿಂಗಕ್ಕೆ ಪೂಜೆ ಮುಗಿಸಿ, ದ್ರಾಕ್ಷಾಯಣಿಯದನ್ನೂ ಅಂಗೈಯಲ್ಲಿಟ್ಟುಕೊಂಡು ಕೂರುತ್ತಾರೆ. ಸಾವಿನ ಮನೆಗೆ ಹೋದರೆ ದೂರದ ಮಕ್ಕಳು ಬರುವ ತನಕ ಮಣ್ಣು ಹಾಕಗೊಡುವುದಿಲ್ಲ. ಮೊನ್ನೆ ಧರ್ಮನನ್ನು ಕರೆದು, ನನ್ನನ್ನು ಕೂರಿಸುವಾಗ ಎರಡೂ ಲಿಂಗ ನನ್ನ ಅಂಗೈಗೆ ಇಡಿಸು ಎಂದರು.

ಧರ್ಮ ತಲೆ ಕೆರೆದುಕೊಂಡ. "ಒಬ್ರ ಕೈಗೆ ಎರಡು ಇಡಬೋದಾ ಅಯ್ನೋರೆ? ಹಂಗೆ ವಿಧಿ ಐತಾ?"

ಚನ್ನಬಸವಯ್ಯನವರು ತಮ್ಮ ಎಡ ಅಂಗೈ ಬಿಡಿಸಿ ನೋಡಿದರು.

"ಗೊತ್ತಿಲ್ಲ ಕಣೋ," ಎಂದರು.