ಬೋರ್ಡಿನ ಮೂಲೆಯ ಹೆಸರು

ಗುಬ್ಬಿಯಲ್ಲಿ ಅಂಗಡಿ ಬೋರ್ಡು ಬರೆಯುತ್ತಿದ್ದ ಅಕ್ರಂ ಪಾಷಾ ಪ್ರತಿ ಬೋರ್ಡಿನ ಕೆಳಮೂಲೆಯಲ್ಲಿ ‘ಅಕ್ರಂ ಆರ್ಟ್ಸ್’ ಎಂದು ಪುಟ್ಟದಾಗಿ ಬರೆಯುತ್ತಿದ್ದ. 1978ರಲ್ಲಿ ‘ಮಹಾಲಿಂಗಯ್ಯ ಜವಳಿ ಅಂಗಡಿ’ಗೆ ಅರವತ್ತು ರೂಪಾಯಿಗೆ ಬೋರ್ಡು ಒಪ್ಪಿಕೊಂಡ. ಬರೆದು ಮುಗಿಸಿದಾಗ ಕೈಗೆ ಬಂದದ್ದು ನಲವತ್ತು.

“ನನ್ ಬೋರ್ಡಲ್ಲಿ ನಿನ್ ಹೆಸರೂ ಐತಲ್ಲಪ್ಪ ಪಾಷಾ. ಪುಕ್ಕಟೆ ಪ್ರಚಾರ ಅಲ್ವಾ? ಅದಕ್ಕೇ ಇಪ್ಪತ್ತು ಮುರ್ಕೊಂಡೆ,” ಎಂದರು ಮಹಾಲಿಂಗಯ್ಯ.

ನಾಲ್ಕು ದಿನ ಬಿಸಿಲಲ್ಲಿ ಏಣಿ ಮೇಲೆ ನಿಂತವನಿಗೆ ಈ ಮಾತು! ಅಕ್ರಂಗೆ ಮೈಯೆಲ್ಲ ಉರಿದುಹೋಯಿತು. ಮತ್ತೆ ಏಣಿ ಹತ್ತಿ, ಬೋರ್ಡಿನ ಹಳದಿ ಬಣ್ಣವನ್ನೇ ತನ್ನ ಹೆಸರಿನ ಮೇಲೆ ಬಳಿದು ಇಳಿದ.

“ನನ್ ಹೆಸರು ಹೋಯ್ತು ಸ್ವಾಮಿ, ಇಪ್ಪತ್ತು ಕೊಡಿ. ನಿಮ್ ಹೆಸರು ಬರ್ದಿದ್ದೂ ನಾನೇ. ಡಬ್ಬೀಲಿ ಬಣ್ಣ ಇನ್ನೂ ಐತೆ.”