ಅತಿಥಿಯ ಬಟ್ಟಲು
ಜುಲೈ ಬಂತೆಂದರೆ ಬಸ್ರಾದಲ್ಲಿ ನಲ್ಲಿಯ ನೀರಿನಲ್ಲೇ ಮೊಟ್ಟೆ ಬೇಯಿಸಬಹುದು. ಹಾಜಿ ಮಿಜ್ಬಾನರಿಗೆ ಮಾತ್ರ ಚಿಂತೆಯೆಲ್ಲ ತೀರಿಹೋದ ಹೆಂಡತಿ ನಜೀಹಾ ಸಾಕಿದ್ದ ಆಮೆಯದು. ಬೆಳಗಾದರೆ ಗೋಣಿಚೀಲ ತೋಯಿಸಿ ಅದಕ್ಕೆ ಹೊದಿಸುತ್ತಾರೆ, ಬಿಸಿಲು ಸರಿದಂತೆಲ್ಲ ಅದನ್ನೆತ್ತಿಕೊಂಡು ಅಂಗಳದ ನೆರಳಿನ ಹಿಂದೆ ಅಲೆಯುತ್ತಾರೆ, ಕಲ್ಲಂಗಡಿಯ ತಿರುಳನ್ನು ಅದಕ್ಕಿಟ್ಟು ಸಿಪ್ಪೆಯ ಬಿಳಿಯನ್ನು ತಾವು ಕೆರೆದು ತಿನ್ನುತ್ತಾರೆ. ಕರೆಂಟು ಹೋದರೆ ಬೀಸಣಿಗೆಯೂ ಅದಕ್ಕೇ. "ನಿಮ್ಮ ತಲೆಗೂ ಒಂದಿಷ್ಟು ಗಾಳಿ ಹಾಕ್ಕೊಳ್ಳಿ ಹಾಜಿ, ಕಾದು ಕೆಟ್ಟುಹೋಗಿದೆ," ಎಂದು ಪಕ್ಕದ ಮನೆಯ ಉಮ್ ಖಯೂನ್ ಗೋಡೆಯಾಚೆಯಿಂದ ಚುಚ್ಚಿದರೆ, "ನಿನ್ನ ನಾಲಿಗೆ ಬೀಸೋ ಗಾಳಿ ಸಾಲ್ದಾ ನಮ್ಮ ಓಣಿಗೆ?" ಎನ್ನುತ್ತಾರೆ. ಮಣ್ಣಿನ ಹರವಿಯ ತಳದಿಂದ ಹನಿಹನಿಯಾಗಿ ಜಿನುಗಿ ಬಟ್ಟಲು ತುಂಬುವ ತಣ್ಣನೆಯ ನೀರು ಈ ಓಣಿಯಲ್ಲಿ ಅತಿಥಿಗೇ ಮೀಸಲು. ಹಾಜಿಯ ಮನೆಯಲ್ಲಿ ಅದಕ್ಕೆ ಬಾಯಿಡುವುದು ಆಮೆ. "ಯಾರಾದ್ರೂ ಬಂದ್ರೆ ಏನು ಕೊಡ್ತೀರಿ?" ಎಂದು ಉಮ್ ಖಯೂನ್ ಕೇಳಿದರೆ ಮಾತ್ರ ಬಟ್ಟಲನ್ನು ಆಮೆಯ ಮುಂದಕ್ಕೆ ಇನ್ನಷ್ಟು ಸರಿಸುತ್ತಾರೆ. ಹೋದ ಜುಲೈಯಲ್ಲಿ, ಬಿಸಿಲು ಬಡಿದು ಮಲಗಿದ್ದ ನಜೀಹಾ, ಸಾಯುವ ಹಿಂದಿನ ದಿನ, ಅದೇ ಬಟ್ಟಲಿಗೆ ಕೈ ಚಾಚಿದ್ದಳು. ಹಾಜಿ ಅಂದಿದ್ದರು: "ಅದು ಬಂದವರಿಗೆ ಕಣೇ. ನೀನು ಮನೆಯವಳಲ್ವಾ? ನಲ್ಲೀದು ಕುಡಿ."