ಗುಲಾಬಿ ನಿಲ್ಲುವ ಒಂದು ಹನಿ

ಕಿಟಕಿಯಲ್ಲಿ ಬೆಳಕು ಹರಿಯುತ್ತಿದೆ. ತಗಡು ಕಾರ್ಖಾನೆಯ ಪ್ರಯೋಗಾಲಯದಲ್ಲಿ ಅಕ್ಕ ಬಿಳಿ ಟೈಲ್ಸ್ ಒರೆಸಿ, ಅದರ ಮೇಲೆ ಗಾಜಿನ ಫ್ಲಾಸ್ಕ್ ಇಡುತ್ತಾರೆ. ಮೇಲಿನ ಉದ್ದನೆಯ ಅಳತೆ ಕೊಳವೆಯಿಂದ ಕಡುನೇರಳೆ ಪರ್ಮಾಂಗನೇಟ್ ಹನಿಹನಿಯಾಗಿ ಇಳಿಯುತ್ತದೆ. ಬಿದ್ದ ಬಣ್ಣ ಕಣ್ಣು ಮಿಟುಕಿಸುವಷ್ಟರಲ್ಲಿ ಮಾಯ.

“ಇವೆಲ್ಲ ನೆಂಟರು, ಬರ್ತಾರೆ ಹೋಗ್ತಾರೆ. ಹೋಗದೆ ನಿಂತ್ಕೊಳ್ಳೋ ಹನಿ ಒಂದಿದೆ. ಅದಕ್ಕೆ ಕಾಯ್ಬೇಕು,” ಎನ್ನುತ್ತಾರೆ ಅಕ್ಕ.

ತಿಳಿಗುಲಾಬಿ ನಿಲ್ಲುತ್ತದೆ. “ಸಾಕು,” ಎಂದು ತಮಗೆ ತಾವೇ ಗಟ್ಟಿಯಾಗಿ ಹೇಳಿಕೊಂಡು ಕೊಳವೆಯ ತಿರುಪು ಮುಚ್ಚುತ್ತಾರೆ. ಪಕ್ಕದ ಸ್ಟೂಲ್ ಖಾಲಿ.

ಇಲ್ಲಿ ತುಕ್ಕು ಹಿಡಿದ ತಗಡನ್ನು ಆಮ್ಲದ ತೊಟ್ಟಿಯಲ್ಲಿ ಅದ್ದುತ್ತಾರೆ. ಕರಗಿದ ಕಬ್ಬಿಣ ಅದರಲ್ಲಿ ಫೆರಸ್, ಫೆರಿಕ್ ಎಂಬ ಎರಡು ರೂಪದಲ್ಲಿ ಬೆರೆತಿರುತ್ತದೆ. “ಫೆರಸ್ ಸಾಧು. ಫೆರಿಕ್ ಮಿತಿ ಮೀರಿದ್ರೆ ತುಕ್ಕಿನ ಜೊತೆ ಒಳ್ಳೆ ತಗಡನ್ನೂ ತಿಂದು ಹಾಕುತ್ತೆ.” ಪರ್ಮಾಂಗನೇಟ್ ಗುರುತಿಸುವುದು ಫೆರಸ್ಸನ್ನು ಮಾತ್ರ; ಅದು ಮುಗಿದೊಡನೆ ಗುಲಾಬಿ ನಿಲ್ಲುತ್ತದೆ. ಹಾಗಾಗಿ ಅಕ್ಕ ತೊಟ್ಟಿಯಿಂದ ತೆಗೆದ ಒಂದಿಷ್ಟು ದ್ರವವನ್ನು ಎರಡು ಸಮಪಾಲು ಮಾಡುತ್ತಾರೆ. ಒಂದನ್ನು ಇದ್ದಂತೆಯೇ ಅಳೆಯುತ್ತಾರೆ. ಇನ್ನೊಂದಕ್ಕೆ ಸತುವಿನ ಚೂರು ಹಾಕಿ, ಫೆರಿಕ್ಕನ್ನೆಲ್ಲ ಫೆರಸ್ ಮಾಡಿ, ಸತುವನ್ನು ಸೋಸಿ ತೆಗೆದು ಅಳೆಯುತ್ತಾರೆ. ಎರಡನೆಯದು ಎಷ್ಟು ಹೆಚ್ಚು ನೇರಳೆ ಕುಡಿಯಿತೋ ಅಷ್ಟು ಫೆರಿಕ್.

ಈ ಮೇಜಿನ ಕೆಲಸ ಅಕ್ಕ, ಅವರ ಗಂಡ ಇಬ್ಬರದು. ಕೈ ಅಕ್ಕನದು, ಕಣ್ಣು ಗಂಡನದು. ಹನಿ ಬಿಡುವವರೇ ‘ಸಾಕು’ ಎನ್ನಬಾರದು ಎಂಬುದು ಇವರ ರೂಢಿ. ಬಿಡುವ ಕೈಗೆ ಯಾವಾಗಲೂ ಅವಸರವಂತೆ. ಆಮೇಲೆ ಗಂಡನ ಕಣ್ಣಿಗೆ ಪೊರೆ ಬಂತು. ಒಂದು ಕಣ್ಣಿನ ಆಪರೇಷನ್ ಕೈಕೊಟ್ಟಿದೆ. ಇನ್ನೊಂದಕ್ಕೆ ನಾಳಿದ್ದು.

ಮೊನ್ನೆ ಫ್ಲಾಸ್ಕ್ ಪೂರ್ತಿ ನೇರಳೆಯಾಗಿ ಅಳತೆ ಕೆಟ್ಟಿತು. “ಗುಲಾಬಿ ಬಂದಿದ್ದು ಕಾಣ್ತಾನೇ ಇತ್ತು. ಆದ್ರೆ ಕಿವಿ ಅವರ ‘ಸಾಕು’ಗೆ ಕಾಯ್ತಾ ಕೂತಿತ್ತು. ಕೈ ಬಿಡ್ತಾನೇ ಹೋಯ್ತು.” ಮತ್ತೆ ಅಳೆಯುವವರೆಗೂ ತಗಡು ತೊಟ್ಟಿಗಿಳಿಯಲಿಲ್ಲ. “ಏನಕ್ಕಾ, ಭಾವನ್ನ ಹೊತ್ಕೊಂಡು ಬರ್ಲಾ?” ಎಂದು ಚೇಷ್ಟೆ ಮಾಡಿದ ತೊಟ್ಟಿ ಮೇಸ್ತ್ರಿ, ಅಕ್ಕನ ಮುಖ ನೋಡಿ ತೊಟ್ಟಿಯ ಕಡೆಗೆ ನಡೆದರು. ಅಂದಿನಿಂದ ‘ಸಾಕು’ ಅಕ್ಕನ ಬಾಯಲ್ಲೇ.

ಮನೆಗೆ ಹೋದರೆ ಗಂಡನದು ಒಂದೇ ಪ್ರಶ್ನೆ: “ಇವತ್ತು ಬಣ್ಣ ಹೇಗೆ ನಿಂತಿತ್ತೇ?”

“ಗುಲಾಬಿ ಅಂದ್ರೆ, ‘ಎಷ್ಟು ಗುಲಾಬಿ?’ ಅಂತಾರೆ. ಏನಂತ ಹೇಳ್ಲಿ ಹೇಳಿ!”

ಅಕ್ಕ ಎರಡನೆಯ ಪಾಲನ್ನು ಟೈಲ್ಸ್ ಮೇಲಿಟ್ಟು, ಖಾಲಿ ಸ್ಟೂಲನ್ನು ಸೆರಗಿನಿಂದ ಒರೆಸುತ್ತಾರೆ.

“ಕಣ್ಣಿನ ಪಟ್ಟಿ ಬಿಚ್ಚಿದ್ಮೇಲೆ ನನ್ನ ಮುಖ ನೋಡದಿದ್ರೂ ನಡೆಯುತ್ತೆ, ಅದು ಅವರಿಗೆ ಬಾಯಿಪಾಠ. ಒಂದ್ಸಲ ಇಲ್ಲಿ ಕೂತು, ನನಗಿಂತ ಮೊದ್ಲು ‘ಸಾಕು ಕಣೇ’ ಅನ್ನಲಿ.”